ಹಳೆಯ ದೂರದರ್ಶನ ಟೇಪುಗಳ ಜೀರ್ಣೋದ್ಧಾರ

ಲಿಖಿತ ಸಾಮಗ್ರಿಯ ಸಂರಕ್ಷಣೆಯಲ್ಲಿ ನಮ್ಮ ವಿದ್ವಾಂಸರಿಗೆ ದೀರ್ಘವಾದ ಅನುಭವವುಂಟು. ಓಲೆಗರಿಯ ಅಂಚು ಮುರಿದಿರಬಹುದು, ಹುಳು ತಿಂದು ಅಕ್ಷರಗಳು ಲೋಪವಾಗಿರಬಹುದು. ಆದರೂ ಉಳಿದಷ್ಟನ್ನು ಓದುವುದಕ್ಕೆ ಕಣ್ಣೂ ಲಿಪಿಜ್ಞಾನವೂ ಸಾಕು. ದೂರದರ್ಶನದ ಹಳೆಯ ಕಾರ್ಯಕ್ರಮಗಳ ವಿಷಯ ಹಾಗಲ್ಲ. ಅವು ಅಡಗಿರುವ ವಿಡಿಯೋ ಟೇಪನ್ನು ಬೆಳಕಿಗೆ ಹಿಡಿದರೆ ಕಂದು ಬಣ್ಣದ ಪಟ್ಟಿಯಲ್ಲದೆ ಬೇರೇನೂ ಕಾಣದು. ಅದನ್ನು ಓದತಕ್ಕದ್ದು ಯಂತ್ರ. ಯಂತ್ರವಿಲ್ಲದಿದ್ದರೆ, ಟೇಪು ಅಕ್ಷತವಾಗಿದ್ದರೂ ಕಾರ್ಯಕ್ರಮವು ನಷ್ಟವಾದಂತೆಯೇ ಸರಿ. ಆದಕಾರಣ ಇಲ್ಲಿ ಉದ್ಧಾರವೆಂದರೆ ಟೇಪು, ಅದನ್ನು ಓದುವ ಯಂತ್ರ, ಆ ಯಂತ್ರವನ್ನು ಬಲ್ಲವರ ವಿದ್ಯೆ ಈ ಮೂರನ್ನೂ ಒಟ್ಟಿಗೆ ಉಳಿಸುವುದೆಂದು ತಿಳಿಯಬೇಕು.

ಇದು ಸ್ಪಷ್ಟವಾಗಬೇಕಾದರೆ ಟೇಪಿನ ಮೇಲೆ ಚಿತ್ರವು ಹೇಗೆ ಲಿಖಿತವಾಗುತ್ತದೆಂಬುದನ್ನು ನೋಡಬೇಕು. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಒಂದು ಮಗ್ಗುಲಿಗೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನೊಡನೆ ಬಳಿದಿರುತ್ತಾರೆ. ಆ ಪುಡಿಯ ಕಾಂತತ್ವವನ್ನು ಬದಲಿಸುವ ಸಣ್ಣ ವಿದ್ಯುತ್ಕಾಂತಕ್ಕೆ ಹೆಡ್ ಎಂದು ಹೆಸರು. ಧ್ವನಿಯ ಕಂಪನಗಳು ಸೆಕೆಂಡಿಗೆ ೨೦ ಸಾವಿರವನ್ನು ಮೀರುವುದಿಲ್ಲ. ಚಿತ್ರದ ಸಂಕೇತಗಳಾದರೋ ಹತ್ತಾರು ಲಕ್ಷಕ್ಕೆ ಏರುತ್ತವೆ. ಇವನ್ನು ಬರೆಯಲು ಟೇಪನ್ನೇ ಅತಿವೇಗದಿಂದ ಓಡಿಸಿದರೆ ಅದಕ್ಕೆ ಮಿತಿಯಿಲ್ಲದಷ್ಟು ಉದ್ದ ಬೇಕಾಗುತ್ತದೆ. ಅಮೆರಿಕದ ಆಂಪೆಕ್ಸ್ ಸಂಸ್ಥೆಯವರು ಈ ತೊಡಕನ್ನು ಬಿಡಿಸಿ, ೧೯೫೬ನೆಯ ಇಸವಿ ಏಪ್ರಿಲಿನಲ್ಲಿ ಷಿಕಾಗೋ ನಗರದಲ್ಲಿ ತಮ್ಮ ಯಂತ್ರವನ್ನು ಪ್ರದರ್ಶಿಸಿದರು. ಅದರಲ್ಲಿ ೨ ಅಂಗುಲ ಅಗಲದ ಟೇಪು ಸೆಕೆಂಡಿಗೆ ೧೫ ಅಂಗುಲ ಮಾತ್ರ ಸರಿಯುತ್ತದೆ. ನಾಲ್ಕು ಹೆಡ್ಡುಗಳನ್ನು ಹೊತ್ತ ಪುಟ್ಟ ಚಕ್ರವೊಂದು ನಿಮಿಷಕ್ಕೆ ೧೪,೪೦೦ ಸುತ್ತು ತಿರುಗುತ್ತ ಟೇಪಿಗೆ ಅಡ್ಡಲಾಗಿ ಗೆರೆಗಳನ್ನು ಎಳೆಯುತ್ತದೆ. ಅದೇ ವರ್ಷ ನವೆಂಬರ್ ೩೦ರಂದು ಸಿ.ಬಿ.ಎಸ್. ಸಂಸ್ಥೆಯವರು ಇದನ್ನು ಪ್ರಸಾರಕ್ಕೆ ಬಳಸಿದರು.

ಈ ಪದ್ಧತಿಯಲ್ಲಿ ಪೂರ್ಣವಾದ ಒಂದು ಚಿತ್ರವು ೩೨ ಅಡ್ಡಗೆರೆಗಳಲ್ಲಿ ಹಂಚಿಹೋಗಿರುತ್ತದೆ. ನಾಲ್ಕು ಹೆಡ್ಡುಗಳಲ್ಲಿ ಒಂದು ಸವೆದರೂ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ದೋಷ ಕಾಣಿಸುತ್ತದೆ. ಆ ಹೆಡ್ಡುಗಳ ಆಯುಸ್ಸು ಕೆಲವು ನೂರು ಗಂಟೆಗಳು ಮಾತ್ರ. ಅವನ್ನು ಪುನಃ ಸಜ್ಜುಗೊಳಿಸಬಲ್ಲವರು ಲೋಕದಲ್ಲಿ ಅತಿವಿರಳ. ಮುಂದೆ ಟೇಪಿನ ಮೇಲೆ ಓರೆಯಾಗಿ ಬರೆಯುವ ಪದ್ಧತಿಗಳು ಬಂದುವು: ೧೯೭೧ರಲ್ಲಿ ಯೂಮ್ಯಾಟಿಕ್, ೧೯೭೬ರಲ್ಲಿ ಒಂದಂಗುಲದ ಸಿ ಮಾದರಿ, ೧೯೮೨ರಲ್ಲಿ ಬೀಟಾಕ್ಯಾಮ್. ಒಂದರ ಟೇಪನ್ನು ಇನ್ನೊಂದರ ಯಂತ್ರವು ಓದಲಾರದು. ಮನೆಗಳಲ್ಲಿ ಬಳಕೆಯಲ್ಲಿದ್ದ ವಿ.ಸಿ.ಆರ್. ಯಂತ್ರವನ್ನು ಜಪಾನಿನ ಫುನಾಯ್ ಸಂಸ್ಥೆಯವರು ಕೂಡ ೨೦೧೬ರಲ್ಲಿ ನಿಲ್ಲಿಸಿದರು.

ಇಂಥ ಉದ್ಧಾರಕ್ಕೆ ಉತ್ತಮವಾದ ನಿದರ್ಶನವೊಂದುಂಟು. ೧೯೫೮ನೆಯ ಇಸವಿ ಅಕ್ಟೋಬರ್ ೧೭ರಂದು ಎನ್.ಬಿ.ಸಿ. ಸಂಸ್ಥೆಯವರು ನರ್ತಕ ಫ್ರೆಡ್ ಆಸ್ಟೇರ್ ಅವರ ಕಾರ್ಯಕ್ರಮವೊಂದನ್ನು ವರ್ಣದಲ್ಲಿ ಪ್ರಸಾರ ಮಾಡಿದರು. ಅದರ ಟೇಪು ಉಳಿದುಬಂದಿತು. ಆದರೆ ಅದರಲ್ಲಿ ವರ್ಣವನ್ನು ಬರೆದಿದ್ದ ಪದ್ಧತಿಯು ಬಹುಬೇಗ ರೂಢಿ ತಪ್ಪಿತು. ಎಡ್ ರೈಟನ್, ಡಾನ್ ಕೆಂಟ್, ಡ್ಯಾನ್ ಐನ್‌ಸ್ಟೈನ್ ಎಂಬ ಮೂವರು ೧೯೮೮ರಲ್ಲಿ ಅದನ್ನು ಹೊಸ ಟೇಪಿಗೆ ಇಳಿಸಿದರು. ಮೂಲವು ಕೆಟ್ಟಿದ್ದೆಡೆಗಳನ್ನು, ಆ ಕಾಲದಲ್ಲಿ ಪರದೆಯಿಂದ ಫಿಲ್ಮಿಗೆ ತೆಗೆದಿದ್ದ ಪ್ರತಿಯಿಂದ ತುಂಬಿದರು. ಈ ಕಾರ್ಯಕ್ಕೆ ಎಮ್ಮಿ ಪ್ರಶಸ್ತಿಯು ಸಂದಿತು. ಒಂದು ಪ್ರತಿಯ ಲೋಪವನ್ನು ಪ್ರತ್ಯಂತರದಿಂದ ಪೂರೈಸುವುದು ಗ್ರಂಥಸಂಪಾದಕರಿಗೆ ಪರಿಚಿತವಾದ ಕ್ರಮವೇ.

ಟೇಪೇ ಅಳಿದೆಡೆಯಲ್ಲಿ ಇಂಥ ಪ್ರತ್ಯಂತರವೇ ಶರಣು. ಟೇಪು ದುಬಾರಿಯಾಗಿದ್ದುದರಿಂದ ಬಿ.ಬಿ.ಸಿ. ಸಂಸ್ಥೆಯವರು ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದರು. ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯಮಾಲೆಯ ೧೯೬೯ರ ಒಂದು ಕಂತಿನ ವರ್ಣ ಟೇಪು ಹೀಗೆ ಹೋಗಿ, ಕಪ್ಪುಬಿಳುಪಿನ ಫಿಲ್ಮು ಮಾತ್ರ ಉಳಿಯಿತು. ಪರದೆಯಿಂದ ಫಿಲ್ಮಿಗೆ ತೆಗೆಯುವಾಗ ವರ್ಣದ ಸಂಕೇತವು ಸೂಕ್ಷ್ಮವಾದ ಚುಕ್ಕೆಗಳಾಗಿ ಅದರಲ್ಲಿ ಬಿದ್ದಿತ್ತು. ಗಣಕಯಂತ್ರದಿಂದ ಆ ಚುಕ್ಕೆಗಳನ್ನು ಎಣಿಕೆಮಾಡಿ ಬಣ್ಣವನ್ನು ಮರಳಿ ಪಡೆದು, ೨೦೦೮ರ ಡಿಸೆಂಬರಿನಲ್ಲಿ ಆ ಕಂತನ್ನು ವರ್ಣದಲ್ಲಿ ಪ್ರಸಾರ ಮಾಡಿದರು.

ಉಳಿದ ಟೇಪುಗಳಿಗೂ ಕ್ಷಯವುಂಟು. ೧೯೭೦ ಮತ್ತು ೮೦ರ ದಶಕಗಳ ಹಲವು ಟೇಪುಗಳಲ್ಲಿ ಅಂಟು ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಅಂಥದನ್ನು ಓಡಿಸಿದರೆ ಪುಡಿ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುವುದು. ಹೆಡ್ಡೂ ಕೆಡುವುದು, ಚಿತ್ರವೂ ಅಳಿಯುವುದು. ಇದಕ್ಕೆ ಚಿಕಿತ್ಸೆಯೇನೆಂದರೆ, ಟೇಪನ್ನು ಸುಮಾರು ೫೦ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಇಟ್ಟು ಒಣಗಿಸುವುದು. ಈ ಗುಣವು ತಾತ್ಕಾಲಿಕ. ಅಷ್ಟರೊಳಗೆ ಅದನ್ನು ಓಡಿಸಿ ಗಣಕದ ಕಡತವಾಗಿ ಪ್ರತಿಮಾಡಿಕೊಳ್ಳಬೇಕು. ಆ ಕಡತವನ್ನು ಕೂಡ ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿಟ್ಟು, ಕಾಲಕಾಲಕ್ಕೆ ಪುನಃ ಪ್ರತಿಮಾಡುತ್ತಿರಬೇಕು.

ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯದವರು ೨೦೧೫ರಲ್ಲಿ, ೨೦೨೫ರೊಳಗೆ ಪ್ರತಿಯಾಗದ ಟೇಪುಗಳಲ್ಲಿ ಬಹುಭಾಗವು ನಷ್ಟವಾಗುವುದೆಂದು ಎಚ್ಚರಿಸಿದ್ದರು. ಆ ವರ್ಷವು ಬಂದುದಾಯಿತು. ಸವೆಯದೆ ಉಳಿದ ಹೆಡ್ಡುಗಳಿಗೆ ಇರುವ ಗಂಟೆಗಳು ಪರಿಮಿತವಾದುವು. ಯಾವ ಟೇಪಿಗೆ ಅವನ್ನು ವ್ಯಯಿಸಬೇಕೆಂಬ ನಿರ್ಣಯವೇ ಈಗ ಮುಖ್ಯವಾದುದು. ಆದುದರಿಂದ ಟೇಪುಗಳು ಯಾರ ವಶದಲ್ಲಿವೆಯೋ ಅವರು ಮೊದಲು ಪ್ರತಿಯೊಂದರ ಮಾದರಿ, ವರ್ಷ, ವಿಷಯ, ಪ್ರತ್ಯಂತರವುಂಟೇ ಇಲ್ಲವೇ ಎಂಬಿವನ್ನು ಪಟ್ಟಿಮಾಡತಕ್ಕದ್ದು. ಏನಿದೆಯೋ ನೋಡೋಣವೆಂದು ಕೈಗೆ ಸಿಕ್ಕಿದ ಯಂತ್ರಕ್ಕೆ ಹಾಕಲಾಗದು. ಆ ಒಂದು ಓಟವೇ ಆ ಟೇಪಿನ ಕಡೆಯ ಓಟವಾಗಬಹುದು.