ಅಗ್ಗದ ಫಸ್ಟ್ ಕ್ಲಾಸ್: ಕಾರಣ ಕೇಳಿ, ಆಮೇಲೆ ಹಣ ಕೊಡಿ

ಮಂಗಳೂರಿನಿಂದ ದುಬೈಗೆ, ದಮಾಮ್‌ಗೆ ಟಿಕೆಟ್ ದರ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಗೆ ರಜೆ ಬಿತ್ತು, ಪೆರ್ನಾಲ್ ಹತ್ತಿರ ಬಂತು ಎಂದರೆ ದರ ಎರಡು ಪಟ್ಟು. ಆದರೆ ಈಗ ಮಕ್ಕಳು ಗಲ್ಫ್‌ನಲ್ಲಿ ಮಾತ್ರ ಇಲ್ಲ. ಮಗ ಲಂಡನ್‌ನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ ಇರುವ ಮನೆಗಳೂ ಇವೆ. ಮಗನ ಮನೆಗೆ ಹೋದ ಉಮ್ಮ, ಉಪ್ಪ ಮಗಳನ್ನೂ ನೋಡಿ ಬರಬೇಕೆಂದರೆ ಅಟ್ಲಾಂಟಿಕ್ ದಾಟಬೇಕು. ಸುಮಾರು ಎಂಟು ಗಂಟೆಯ ಹಾರಾಟ. ಆಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಉಮ್ಮನಿಗೆ ಮೊಣಕಾಲು ನೋವು. ಫಸ್ಟ್ ಕ್ಲಾಸ್ ಎಲ್ಲಾದರೂ ಕಡಿಮೆಗೆ ಸಿಗುತ್ತಾ?”

ಸಿಗುತ್ತದೆ. ಆದರೆ ಕಡಿಮೆ ದರಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಕಾರಣ ಗೊತ್ತಿದ್ದರೆ ಅದು ಲಾಭ, ಗೊತ್ತಿಲ್ಲದಿದ್ದರೆ ಅಪಾಯ.

ನಡೆದದ್ದೇ ಒಂದು ಉದಾಹರಣೆ. 2015ರ ಫೆಬ್ರವರಿ 11ರಂದು ಯುನೈಟೆಡ್ ಏರ್‌ಲೈನ್ಸ್‌ನ ಡೆನ್ಮಾರ್ಕ್ ವೆಬ್‌ಸೈಟ್‌ನಲ್ಲಿ ಲಂಡನ್‌ನಿಂದ ಅಮೆರಿಕಕ್ಕೆ ಫಸ್ಟ್ ಕ್ಲಾಸ್ ಟಿಕೆಟ್ 100 ಡಾಲರ್‌ಗಿಂತಲೂ ಕಡಿಮೆಗೆ ಕಾಣಿಸಿಕೊಂಡಿತು. ಹೊರಗಿನ ಸಾಫ್ಟ್‌ವೇರ್ ಸಂಸ್ಥೆಯೊಂದರ ತಪ್ಪಿನಿಂದ ಪೌಂಡ್ ದರ ಡೆನ್ಮಾರ್ಕ್‌ನ ಕ್ರೋನ್‌ಗೆ ತಪ್ಪಾಗಿ ಬದಲಾಗಿತ್ತು. ಸಾವಿರಾರು ಮಂದಿ ಮುಗಿಬಿದ್ದು ಖರೀದಿಸಿದರು. ಕಂಪೆನಿ ಎಲ್ಲವನ್ನೂ ರದ್ದು ಮಾಡಿತು. ದೂರು ಅಮೆರಿಕದ ಸಾರಿಗೆ ಇಲಾಖೆಗೆ ಹೋಯಿತು. ಆ ದರ ಸಿಗಬೇಕಾದರೆ ‘ನಾನು ಡೆನ್ಮಾರ್ಕ್‌ನವನು’ ಎಂದು ನಮೂದಿಸಬೇಕಿತ್ತು, ಹಾಗಾಗಿ ಕಂಪೆನಿ ಆ ಟಿಕೆಟ್‌ಗಳನ್ನು ಮಾನ್ಯ ಮಾಡಬೇಕಾಗಿಲ್ಲ ಎಂದಿತು ಇಲಾಖೆ. ಅದೇ ಮೇ ತಿಂಗಳಲ್ಲಿ ಇನ್ನೂ ಒಂದು ಮಾತು ಸ್ಪಷ್ಟಪಡಿಸಿತು: ಕಣ್ತಪ್ಪಿನ ದರದ ಟಿಕೆಟನ್ನು ಕಂಪೆನಿ ರದ್ದು ಮಾಡಬಹುದು, ಆದರೆ ಹಣ ಹಿಂದಿರುಗಿಸಬೇಕು. ಆ ಟಿಕೆಟ್ ನಂಬಿ ಪ್ರಯಾಣಿಕ ಮಾಡಿದ ಬೇರೆ ಖರ್ಚಿಗೆ ದಾಖಲೆ ಇದ್ದರೆ ಅದನ್ನೂ ಕೊಡಬೇಕು.

ಹಾಗಾದರೆ ನ್ಯಾಯವಾದ ರಿಯಾಯಿತಿ ಎಲ್ಲಿದೆ?

ಮೊದಲು, ಫಸ್ಟ್ ಕ್ಲಾಸ್ ಇರುವುದೇ ಕೆಲವೇ ಕಂಪೆನಿಗಳಲ್ಲಿ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ, ಸ್ವಿಸ್, ಏರ್ ಫ್ರಾನ್ಸ್ ಮುಖ್ಯವಾದವು. ನಮಗೆಲ್ಲ ಪರಿಚಯದ ಎಮಿರೇಟ್ಸ್ ಕೂಡ ಮಿಲಾನ್‌ನಿಂದ ನ್ಯೂಯಾರ್ಕ್‌ಗೆ, ಅಥೆನ್ಸ್‌ನಿಂದ ನ್ಯೂವಾರ್ಕ್‌ಗೆ ಹಾರುತ್ತದೆ. ವರ್ಜಿನ್‌ನ ‘ಅಪ್ಪರ್ ಕ್ಲಾಸ್’, ‘ಡೆಲ್ಟಾ ಒನ್’, ಯುನೈಟೆಡ್‌ನ ‘ಪೊಲಾರಿಸ್’ ಇವೆಲ್ಲ ಹೆಸರು ದೊಡ್ಡದಾದರೂ ಬಿಸಿನೆಸ್ ಕ್ಲಾಸ್. ಯಾರಾದರೂ ಇವನ್ನೇ ಫಸ್ಟ್ ಎಂದು ಮಾರಲು ಬಂದರೆ ಎಚ್ಚರ.

ಎರಡನೆಯದು ಸೀಸನ್. ಈ ಸೀಟುಗಳಿಗೆ ದೊಡ್ಡ ಗಿರಾಕಿ ಬ್ಯಾಂಕು, ಕಂಪೆನಿಗಳ ಅಧಿಕಾರಿಗಳು. ಆಗಸ್ಟ್‌ನಲ್ಲಿ, ಕ್ರಿಸ್‌ಮಸ್ ಸಮಯದಲ್ಲಿ ಅವರು ರಜೆಯಲ್ಲಿರುತ್ತಾರೆ. ಹಿಂದಿನ ಸೀಟು ದುಬಾರಿಯಾಗುವ ಹೊತ್ತಿಗೇ ಮುಂದಿನ ಸೀಟಿನ ದರ ಇಳಿಯುವುದುಂಟು. ಶನಿವಾರ ರಾತ್ರಿ ಅಲ್ಲೇ ಉಳಿಯಬೇಕು ಎಂಬ ಷರತ್ತೂ ಅದಕ್ಕೇ. ಕೆಲಸಕ್ಕೆ ಹೋದವರು ಶುಕ್ರವಾರವೇ ಮನೆಗೆ ಓಡುತ್ತಾರೆ.

ಮೂರನೆಯದು ಹೊರಡುವ ಊರು. ಲಂಡನ್‌ನಿಂದ ನೇರ ಹೊರಡುವುದಕ್ಕಿಂತ ಡಬ್ಲಿನ್‌ನಿಂದ ಹೊರಟು ಲಂಡನ್‌ನಲ್ಲಿ ವಿಮಾನ ಬದಲಿಸಿದರೆ ಅದೇ ಸೀಟು ಅಗ್ಗವಾಗುವುದಿದೆ. ಬ್ರಿಟನ್ ತನ್ನ ನೆಲದಿಂದ ಹೊರಡುವವರಿಗೆ ವಿಮಾನ ತೆರಿಗೆ ಹಾಕುತ್ತದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಪ್ರಯಾಣಕ್ಕೆ ಇಕಾನಮಿಗೆ 90 ಪೌಂಡ್, ಮೇಲಿನ ದರ್ಜೆಗೆ 216 ಪೌಂಡ್ ಇತ್ತು. ಡಬ್ಲಿನ್‌ನಿಂದ ಬಂದು 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತುವವರಿಗೆ ಅದು ಇಲ್ಲ. ಆದರೆ ಎರಡು ವಿಷಯ ನೆನಪಿರಲಿ. ಐರ್ಲೆಂಡ್ ಬೇರೆ ದೇಶ, ಕೈಯಲ್ಲಿ ಬ್ರಿಟನ್ ವೀಸಾ ಇದೆ ಎಂದು ಭಾರತದ ಪಾಸ್‌ಪೋರ್ಟಿನವರು ಸುಮ್ಮನೆ ಹೊರಡುವಂತಿಲ್ಲ. ಅಲ್ಲಿನ ವೀಸಾ ನಿಯಮ ಮೊದಲೇ ವಿಚಾರಿಸಿ. ಇನ್ನೊಂದು, ಡಬ್ಲಿನ್ ವಿಮಾನ ಬಿಟ್ಟು ಲಂಡನ್‌ನಲ್ಲೇ ಹತ್ತುತ್ತೇನೆ ಎಂದರೆ ನಡೆಯುವುದಿಲ್ಲ. ಮೊದಲ ಹಾರಾಟ ತಪ್ಪಿಸಿದರೆ ಉಳಿದ ಇಡೀ ಟಿಕೆಟ್ ರದ್ದು.

ನಾಲ್ಕನೆಯದು ಪಾಯಿಂಟ್. ಬ್ರಿಟಿಷ್ ಏರ್‌ವೇಸ್‌ನ ‘ಏವಿಯೋಸ್’ ಇದ್ದರೆ ಬಿಸಿನೆಸ್ ಟಿಕೆಟನ್ನು ಫಸ್ಟ್‌ಗೆ ಏರಿಸಬಹುದು, ಸೀಟು ಖಾಲಿ ಇರಬೇಕು ಅಷ್ಟೆ. ಎರಡೂ ಕಡೆಗೆ ಏರಿಸಬೇಕೆಂದಿಲ್ಲ. ಲಂಡನ್‌ನಿಂದ ಹೋಗುವುದು ಸಾಮಾನ್ಯವಾಗಿ ಹಗಲು, ನ್ಯೂಯಾರ್ಕ್‌ನಿಂದ ಬರುವುದು ಹೆಚ್ಚಾಗಿ ರಾತ್ರಿ. ಮಲಗಿ ಬರಬೇಕಾದ್ದು ಆ ರಾತ್ರಿಯೇ. ಪಾಯಿಂಟ್‌ಗಾಗಿ ಕ್ರೆಡಿಟ್ ಕಾರ್ಡ್ ಉಜ್ಜಿ ಬಾಕಿ ಉಳಿಸಿಕೊಂಡರೆ ಬಡ್ಡಿಯೇ ಎಲ್ಲ ಲಾಭ ತಿಂದುಬಿಡುತ್ತದೆ.

ಇಲ್ಲೇ ದೊಡ್ಡ ಗುಂಡಿಯೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ “ಫಸ್ಟ್ ಕ್ಲಾಸ್ ಅರ್ಧ ದರಕ್ಕೆ” ಎಂದು ಬರುವ ಟಿಕೆಟ್‌ಗಳಲ್ಲಿ ಕೆಲವು ಬೇರೆಯವರ ಪಾಯಿಂಟ್ ಖರೀದಿಸಿ ಮಾಡಿದವು. ಪಾಯಿಂಟ್ ಮಾರುವುದನ್ನು ಕಂಪೆನಿಗಳ ನಿಯಮ ಒಪ್ಪುವುದಿಲ್ಲ. ಗೊತ್ತಾದರೆ ಟಿಕೆಟ್ ರದ್ದು, ಅದೂ ಕೆಲವೊಮ್ಮೆ ವಿಮಾನ ನಿಲ್ದಾಣದಲ್ಲೇ. ಇಂಗ್ಲಿಷ್ ಸರಿಯಾಗಿ ಬಾರದ ವಯಸ್ಸಾದ ಉಮ್ಮ, ಉಪ್ಪ ಕೌಂಟರ್ ಎದುರು ನಿಂತಾಗ ಹೀಗಾದರೆ? ಆದ್ದರಿಂದ ಮಾರುವವರನ್ನು ಕೇಳಿ: ಇದು ಹಣದ ಟಿಕೆಟಾ, ಪಾಯಿಂಟಿನದ್ದಾ? ಯಾರ ಪಾಯಿಂಟ್? ರದ್ದಾದರೆ ಹಣ ಯಾರ ಖಾತೆಗೆ ವಾಪಸ್? ಉತ್ತರ ತಡವರಿಸಿದರೆ ದೂರ ಇರಿ.

ನೇರ ಕಂಪೆನಿಯಿಂದಲೇ ಕೊಂಡರೆ ಒಂದು ರಕ್ಷಣೆ ಇದೆ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ವಿಮಾನಕ್ಕೆ ಏಳು ದಿನ ಅಥವಾ ಹೆಚ್ಚು ಮೊದಲು ಬುಕ್ ಮಾಡಿದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು, ಇಲ್ಲವೇ ಹಣ ಪಡೆಯದೆ ಅಷ್ಟು ಹೊತ್ತು ದರ ಕಾದಿಡಬೇಕು ಎಂದು ಅಲ್ಲಿನ ನಿಯಮವಿದೆ. ಏಜೆಂಟರಿಗೆ ಈ ಕಡ್ಡಾಯ ಇಲ್ಲ. ಬುಕ್ ಮಾಡುವಾಗಲೇ ‘ಮುಸ್ಲಿಂ ಮೀಲ್’ ಮತ್ತು ವೀಲ್‌ಚೇರ್ ನಮೂದಿಸಿ. ಫಸ್ಟ್ ಕ್ಲಾಸ್ ಎಂದ ಮಾತ್ರಕ್ಕೆ ಅವು ತಾನಾಗಿ ಬರುವುದಿಲ್ಲ.

ಕೊನೆಗೆ ಒಂದು ಮಾತು. ಕಾಲು ಚಾಚಿ ಮಲಗುವುದಷ್ಟೇ ಬೇಕಿದ್ದರೆ ಲಂಡನ್–ನ್ಯೂಯಾರ್ಕ್ ನಡುವಿನ ದೊಡ್ಡ ಕಂಪೆನಿಗಳ ಬಿಸಿನೆಸ್ ಕ್ಲಾಸ್‌ನಲ್ಲೂ ಹಾಸಿಗೆಯಾಗುವ ಸೀಟು ಇದೆ. ಉಮ್ಮನಿಗೆ ಬೇಕಾದ್ದು ದರ್ಜೆಯ ಹೆಸರಲ್ಲ. ನೋವಿಲ್ಲದೆ ಮಗಳ ಮನೆಯ ಬಾಗಿಲು ತಲುಪಬೇಕು, ಅಷ್ಟೆ.