ಮಾಯಾಲೋಕದ ಪುಸ್ತಕ: ಕೊಳ್ಳುವ ಮುನ್ನ ಹತ್ತು ನಿಮಿಷ ಓದಿ

ಮುಖಪುಟದಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್, ಒಳಗೆ ಬರೀ ಬೋರು! ಲೇಖಕರೇ ಅಚ್ಚು ಹಾಕಿಸಿದ ಮಕ್ಕಳ ಫ್ಯಾಂಟಸಿ ಪುಸ್ತಕಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು? ಅಮ್ಮಂದಿರು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಗಲಾಟೆ. 'ಮೊಬೈಲ್ ಕೆಳಗಿಡು' ಅಂತ ಅಮ್ಮನ ರಾಗ, 'ಬೋರು' ಅಂತ ಮಕ್ಕಳ ರಾಗ. ಸರಿ, ಒಂದೊಳ್ಳೆ ಕಥೆ ಪುಸ್ತಕ ತರಿಸೋಣ ಎಂದು ಆನ್‌ಲೈನ್ ಅಂಗಡಿ ತೆರೆದರೆ ಅಲ್ಲಿ ಸಾಲುಸಾಲು ಡ್ರ್ಯಾಗನ್, ಮಂತ್ರದಂಡ, ಹಾರುವ ಕುದುರೆ. ಬಣ್ಣ ಕಣ್ಣು ಕುಕ್ಕುತ್ತದೆ. ಕೆಳಗೆ ಐದು ಸ್ಟಾರ್ ಬೇರೆ. ತರಿಸಿಕೊಟ್ಟರೆ ಮಗು ನಾಲ್ಕು ಪುಟ ಓದಿ ಮೂಲೆಗಿಡುತ್ತದೆ. 'ಎಷ್ಟು ದುಡ್ಡು ಸುರಿದರೂ ಇವನು ಓದೋದೇ ಇಲ್ಲ' ಎಂದು ನಾವು ಮಗುವನ್ನೇ ಬೈಯುತ್ತೇವೆ.

ಆದರೆ ತಪ್ಪು ಮಗುವಿನದೇ ಎಂದು ಹೇಗೆ ಹೇಳುವುದು? ಎಷ್ಟೋ ಸಲ ತಪ್ಪು ಪುಸ್ತಕದ್ದೇ ಆಗಿರುತ್ತದೆ. ದೊಡ್ಡವರಿಗೆ ಪುಸ್ತಕ ಹಿಡಿಸದಿದ್ದರೆ 'ಕೆಟ್ಟದಾಗಿ ಬರೆದಿದ್ದಾರೆ' ಎಂದು ಎತ್ತಿಡುತ್ತೇವೆ. ಒಂಬತ್ತು ವರ್ಷದ ಮಗುವಿಗೆ ಹಾಗೆ ಹೇಳಲು ಗೊತ್ತಾಗುವುದಿಲ್ಲ. ಅಚ್ಚಾಗಿ ಬಂದದ್ದೆಲ್ಲ ಸರಿಯಾಗೇ ಇರುತ್ತದೆ ಎಂದು ಅದು ನಂಬುತ್ತದೆ. ಅರ್ಥವಾಗದಿದ್ದರೆ 'ನಂಗೇ ಓದೋಕೆ ಬರಲ್ಲ' ಎಂದು ತನ್ನ ಮೇಲೇ ಹಾಕಿಕೊಳ್ಳುತ್ತದೆ. ಹೀಗೆ ಎರಡು ಮೂರು ಪುಸ್ತಕ ಕೈಕೊಟ್ಟರೆ ಸಾಕು, ಮಗು ಓದಿನಿಂದಲೇ ದೂರವಾಗಬಹುದು. ಇಲ್ಲಿ ಹಾಳಾಗುವುದು ಇನ್ನೂರು ಮುನ್ನೂರು ರೂಪಾಯಿ ಮಾತ್ರವಲ್ಲ.

ಯಾರು ಬೇಕಾದರೂ ಪ್ರಕಟಿಸಬಹುದು

ಹಿಂದೆ ಪುಸ್ತಕ ಹೊರಬರಬೇಕಾದರೆ ಸಾಮಾನ್ಯವಾಗಿ ಒಬ್ಬ ಪ್ರಕಾಶಕರು ಒಪ್ಪಬೇಕಿತ್ತು. ಇಲ್ಲವೇ ಲೇಖಕರೇ ಸಾಲಸೋಲ ಮಾಡಿ ಸಾವಿರ ಪ್ರತಿ ಅಚ್ಚು ಹಾಕಿಸಿ, ಮಂಚದ ಕೆಳಗೆ ಕಟ್ಟು ಕಟ್ಟಿಡಬೇಕಿತ್ತು. ಈಗ ಹಾಗಿಲ್ಲ. 2007ರಲ್ಲಿ ಅಮೆಜಾನ್ ಕಂಪನಿ ಲೇಖಕರೇ ನೇರವಾಗಿ ಇ-ಪುಸ್ತಕ ಪ್ರಕಟಿಸುವ ಸೌಲಭ್ಯ ತಂದಿತು. ಆರ್ಡರ್ ಬಂದಷ್ಟೇ ಪ್ರತಿ ಮುದ್ರಿಸಿ ಕಳಿಸುವ ವ್ಯವಸ್ಥೆಯೂ ಬಂದಿದೆ. ಮನೆಯ ಕಂಪ್ಯೂಟರ್‌ನಲ್ಲಿ ಬರೆದದ್ದು ಕೆಲವೇ ದಿನಗಳಲ್ಲಿ ಮಾರಾಟಕ್ಕೆ ಸಿದ್ಧ!

ಸ್ವಂತವಾಗಿ ಪ್ರಕಟಿಸುವುದು ಕೀಳು ಎಂದು ಮಾತ್ರ ತಿಳಿಯಬೇಡಿ. ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು.

ಹೊರದೇಶದ ಮಕ್ಕಳ ಸಾಹಿತ್ಯದಲ್ಲೂ ಇಂಥ ಉದಾಹರಣೆಗಳಿವೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಬರೆದ ಪೀಟರ್ ಮೊಲದ ಕಥೆಯನ್ನು ಹಲವು ಪ್ರಕಾಶಕರು ತಿರಸ್ಕರಿಸಿದ್ದರು. ಆಕೆ 1901ರಲ್ಲಿ ತಮ್ಮ ಖರ್ಚಿನಲ್ಲೇ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಬಣ್ಣದ ಚಿತ್ರಗಳೊಂದಿಗೆ ಹೊರತಂದಿತು. ನೂರಕ್ಕೂ ಹೆಚ್ಚು ವರ್ಷವಾದರೂ ಮಕ್ಕಳು ಅದನ್ನು ಓದುತ್ತಲೇ ಇದ್ದಾರೆ.

ಇನ್ನು ಡ್ರ್ಯಾಗನ್ ಕಥೆ 'ಎರಗಾನ್' ಹೆಸರನ್ನು ನಿಮ್ಮ ಮಕ್ಕಳು ಕೇಳಿರಬಹುದು. ಅಮೆರಿಕದ ಮೊಂಟಾನಾದ ಕ್ರಿಸ್ಟೋಫರ್ ಪಾವೊಲಿನಿ ಅದನ್ನು ಬರೆಯಲು ಶುರು ಮಾಡಿದ್ದು 15ನೇ ವಯಸ್ಸಿನಲ್ಲಿ. 2002ರಲ್ಲಿ ಅಪ್ಪ ಅಮ್ಮನೇ ಅದನ್ನು ಪ್ರಕಟಿಸಿದರು. ಹುಡುಗ ಹಳೆಯ ಕಾಲದ ಉಡುಪು ತೊಟ್ಟು ಶಾಲೆ, ಗ್ರಂಥಾಲಯಗಳಿಗೆ ಹೋಗಿ ಪುಸ್ತಕದ ಬಗ್ಗೆ ಮಾತಾಡಿದ. ಲೇಖಕ ಕಾರ್ಲ್ ಹಾಯಸನ್ ಅವರ ಮನೆಯ ಹುಡುಗನೊಬ್ಬ ಓದಿ ಮೆಚ್ಚಿದ್ದರಿಂದ ವಿಷಯ ದೊಡ್ಡ ಪ್ರಕಾಶಕರ ಕಿವಿಗೆ ಬಿತ್ತು. 2003ರಲ್ಲಿ ನಾಫ್ ಸಂಸ್ಥೆ ಅದನ್ನು ಹೊರತಂದಿತು. 2006ರಲ್ಲಿ ಸಿನಿಮಾ ಕೂಡ ಬಂತು.

ರುಚಿ ನೋಡುವವರು ಬೇಕು

ಈ ಕಥೆ ಕೇಳಿದ ಕೂಡಲೇ 'ನೋಡಿ, ಸ್ವಂತವಾಗಿ ಹಾಕಿಸಿದರೂ ಗೆಲ್ಲಬಹುದು' ಎನ್ನುತ್ತೇವೆ. ಆದರೆ ನಡುವೆ ನಡೆದ ಕೆಲಸ ಮರೆಯುತ್ತೇವೆ. ಪಾವೊಲಿನಿ ಮೊದಲ ಕರಡಿಗೆ ಒಂದು ವರ್ಷ ತೆಗೆದುಕೊಂಡರೆ, ಅದನ್ನು ತಿದ್ದಿ ಬರೆಯಲು ಇನ್ನೊಂದು ವರ್ಷ ತೆಗೆದುಕೊಂಡ. ಅಪ್ಪ ಅಮ್ಮ ಕೂತು ತಿದ್ದಿದರು. ನಾಫ್ ಸಂಸ್ಥೆ ಕೈಗೆತ್ತಿಕೊಂಡ ಮೇಲೆ ಸಂಪಾದಕರು ಮತ್ತೊಮ್ಮೆ ತಿದ್ದಿಸಿದರು.

ಅಡುಗೆ ಮಾಡಿದವರಿಗೆ ಒಲೆಯ ಮುಂದೆ ನಿಂತು ನಿಂತು ರುಚಿಯೇ ತಿಳಿಯುವುದಿಲ್ಲ. 'ಸ್ವಲ್ಪ ಉಪ್ಪು ನೋಡು' ಎಂದು ಮನೆಯವರ ಕೈಗೆ ಸೌಟಿನಲ್ಲಿ ಹಾಕುತ್ತೇವಲ್ಲ, ಪುಸ್ತಕಕ್ಕೆ ಸಂಪಾದಕರು ಮಾಡುವುದೂ ಅದೇ ಕೆಲಸ. ಎರಡನೇ ಅಧ್ಯಾಯದ ತಂಗಿ ಏಳನೇ ಅಧ್ಯಾಯದಲ್ಲಿ ಅಕ್ಕ ಆಗಿದ್ದಾಳೆ, ಈ ಮಾತು ಹತ್ತು ವರ್ಷದ ಹುಡುಗಿ ಆಡುವಂಥದ್ದಲ್ಲ, ಈ ಇಪ್ಪತ್ತು ಪುಟ ತೆಗೆದರೂ ಕಥೆಗೆ ನಷ್ಟವಿಲ್ಲ ಎಂದು ಹೇಳುವವರು ಅವರು. ಸ್ವಂತವಾಗಿ ಪ್ರಕಟಿಸಿದ ಎಷ್ಟೋ ಪುಸ್ತಕಗಳಲ್ಲಿ ಈ ಒಂದು ಕಣ್ಣು ಇರುವುದಿಲ್ಲ. ಮನೆಯವರು, ಸ್ನೇಹಿತರು 'ಸೂಪರ್' ಎಂದಿರುತ್ತಾರೆ, ನೇರ ಅಚ್ಚಿಗೆ ಹೋಗಿರುತ್ತದೆ. ಹಾಗಾದಾಗ ಆ ಕಣ್ಣು ನಿಮ್ಮದೇ ಆಗಬೇಕು.

ಮಾಯೆಗೂ ಕಟ್ಟುಪಾಡು ಬೇಕು

ಫ್ಯಾಂಟಸಿ ಎಂದರೆ ಏನು ಬೇಕಾದರೂ ಬರೆಯಬಹುದು, ಲೆಕ್ಕಾಚಾರ ಬೇಡ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ನಿಜವಾಗಿ ನೋಡಿದರೆ ಅದಕ್ಕೇ ಹೆಚ್ಚು ಲೆಕ್ಕಾಚಾರ ಬೇಕು.

ನಮ್ಮ ಅಜ್ಜಿಯರ ಕಥೆಗಳನ್ನೇ ನೆನಪಿಸಿಕೊಳ್ಳಿ. ಏಳು ಸಮುದ್ರದ ಆಚೆ ಒಂದು ಗಿಳಿ, ಅದರಲ್ಲಿ ರಾಕ್ಷಸನ ಪ್ರಾಣ. ಇದು ನಿಯಮ. ರಾಜಕುಮಾರ ಎಷ್ಟೇ ಕತ್ತಿ ಬೀಸಿದರೂ ಗಿಳಿ ಸಿಗುವ ತನಕ ರಾಕ್ಷಸ ಸಾಯುವುದಿಲ್ಲ. ಬೇತಾಳನ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ವಿಕ್ರಮನ ತಲೆ ಸಾವಿರ ಹೋಳು. ಮಾತಾಡಿದರೆ ಮೌನ ಮುರಿದು ಬೇತಾಳ ಮತ್ತೆ ಮರಕ್ಕೆ. ಎಂಥ ಇಕ್ಕಟ್ಟು ನೋಡಿ! ಹಿರಣ್ಯಕಶಿಪುವಿಗೆ ಹಗಲೂ ಸಾವಿಲ್ಲ, ರಾತ್ರಿಯೂ ಇಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ನರಸಿಂಹ ಆ ವರವನ್ನು ಮುರಿಯಲಿಲ್ಲ. ಸಂಜೆ ಹೊತ್ತು ಹೊಸ್ತಿಲ ಮೇಲೆ ಕೂತು ವರದ ಒಳಗೇ ದಾರಿ ಹುಡುಕಿದ. ಅದಕ್ಕೇ ಮಕ್ಕಳು ಆ ಕಥೆಯನ್ನು ನೂರು ಸಲ ಕೇಳಿದರೂ ಕಣ್ಣರಳಿಸುತ್ತಾರೆ.

ಈಗ ಕಳಪೆ ಪುಸ್ತಕ ತೆಗೆಯಿರಿ. ಮೂರನೇ ಪುಟದಲ್ಲಿ ಹುಡುಗನಿಗೆ ಮಂತ್ರದುಂಗುರ ಸಿಗುತ್ತದೆ. ರಾಕ್ಷಸ ಬಂದ, ಉಂಗುರ ತಿರುಗಿಸಿದ, ರಾಕ್ಷಸ ಮಾಯ. ನದಿ ಅಡ್ಡ ಬಂತು, ಉಂಗುರ ತಿರುಗಿಸಿದ, ಸೇತುವೆ ಪ್ರತ್ಯಕ್ಷ. ಹಸಿವಾಯಿತು, ಉಂಗುರದಿಂದ ಪಿಜ್ಜಾ! ಇಷ್ಟು ಸುಲಭವಾದರೆ ಹುಡುಗ ಹೆದರಬೇಕೇಕೆ, ನಿಮ್ಮ ಮಗು ಮುಂದಿನ ಪುಟ ತಿರುಗಿಸಬೇಕೇಕೆ? ಕೊನೆಗೆ ಲೇಖಕರಿಗೇ ದಾರಿ ಕಾಣದೆ 'ಅದೆಲ್ಲ ಕನಸಾಗಿತ್ತು' ಎಂದು ಮುಗಿಸಿಬಿಡುತ್ತಾರೆ.

ಹತ್ತು ನಿಮಿಷದ ಪರೀಕ್ಷೆ

ಪುಸ್ತಕದಂಗಡಿಯಲ್ಲಾದರೆ ನಿಂತೇ ಓದಿ. ಆನ್‌ಲೈನ್ ಆದರೆ ಹಲವು ಪುಸ್ತಕಗಳ ಮೊದಲ ಕೆಲವು ಪುಟ ಉಚಿತವಾಗಿ ನೋಡಲು ಸಿಗುತ್ತವೆ. ಹೀಗೆ ಪರೀಕ್ಷಿಸಿ:

* ಮೊದಲ ಪುಟವನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸುವ, ಉಸಿರು ಕಟ್ಟುವ ವಾಕ್ಯಗಳಿದ್ದರೆ ಮಗುವಿಗೂ ಕಷ್ಟವೇ.

* ಕನ್ನಡ ಪುಸ್ತಕವಾದರೆ ಅಕಾರ-ಹಕಾರ, ಒತ್ತಕ್ಷರದ ತಪ್ಪು ಎಣಿಸಿ. ಎರಡು ಪುಟದಲ್ಲಿ ನಾಲ್ಕೈದು ತಪ್ಪು ಕಂಡರೆ ಬೇಡ. ಮಕ್ಕಳು ಕಾಗುಣಿತ ಕಲಿಯುವುದು ಹೀಗೆ ಕಣ್ಣಾರೆ ಕಂಡೇ.

* ಆರಂಭದಲ್ಲೇ ಹತ್ತು ಪುಟ ಆ ಮಾಯಾಲೋಕದ ಭೂಗೋಳ, ರಾಜವಂಶದ ಚರಿತ್ರೆ ಇದೆಯೇ? ಕಥೆ ಶುರುವಾಗುವ ಮೊದಲೇ ಮಗು ನಿದ್ದೆ ಹೋಗುತ್ತದೆ.

* ಮಂತ್ರಶಕ್ತಿಗೆ ಮಿತಿ ಇದೆಯೇ? ಅದನ್ನು ಬಳಸಿದವನು ಏನಾದರೂ ಕಳೆದುಕೊಳ್ಳುತ್ತಾನೆಯೇ? ಇದ್ದರೆ ಲೇಖಕರು ಯೋಚಿಸಿ ಬರೆದಿದ್ದಾರೆ ಎಂದರ್ಥ.

* ಹುಡುಗ, ಮಾಟಗಾರರ ಶಾಲೆ, ಇಬ್ಬರು ಗೆಳೆಯರು, ಹಣೆಯ ಮೇಲೆ ಗುರುತು... ಹ್ಯಾರಿ ಪಾಟರ್‌ನ ನಕಲು ಪ್ರತಿ ಯಾಕೆ? ಅಸಲಿಯನ್ನೇ ಕೊಡಿಸಿ.

* ನಡುವಿನ ಒಂದು ಪುಟ ಬಿಡಿಸಿ. ಯಾರು ಮಾತಾಡುತ್ತಿದ್ದಾರೆ, ಎಲ್ಲಿದ್ದಾರೆ ಎಂದು ತಿಳಿಯುತ್ತದೆಯೇ? ಎಲ್ಲ ಪಾತ್ರಗಳೂ ಒಂದೇ ಧಾಟಿಯಲ್ಲಿ ಭಾಷಣ ಮಾಡುತ್ತಿದ್ದರೆ ವಾಪಸ್ ಇಡಿ.

* ಮಗುವಿನ ಕೈಗೆ ಕೊಟ್ಟು ಒಂದು ಪುಟ ಓದಿಸಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಐದೂ ಬೆರಳು ಮಡಚಿದರೆ ಸದ್ಯಕ್ಕೆ ಅದು ಕಷ್ಟದ ಪುಸ್ತಕ. ನೀವು ಜೊತೆಗೆ ಕೂತು ಓದಬಹುದು, ಇಲ್ಲವೇ ಮುಂದಿನ ವರ್ಷಕ್ಕೆ ಇಡಬಹುದು.

ಇವುಗಳಿಗೆ ಮರುಳಾಗಬೇಡಿ

ಹೊಸ ಪುಸ್ತಕದ ಮೊದಲ ಹತ್ತಿಪ್ಪತ್ತು ಸ್ಟಾರ್‌ಗಳು ಬಂಧುಬಳಗದವೇ ಇರಬಹುದು. ಮೂರು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಎಂದು ಓದಿ, ನಿಜ ಅಲ್ಲಿ ಸಿಗುತ್ತದೆ.

'ಐಎಸ್‌ಬಿಎನ್ ಇದೆ, ಅಂದ್ಮೇಲೆ ಒಳ್ಳೆ ಪುಸ್ತಕವೇ' ಎನ್ನುವವರಿದ್ದಾರೆ. 13 ಅಂಕಿಯ ಆ ಸಂಖ್ಯೆ ಸ್ಕೂಟರಿನ ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಯಾವುದು ಎಂದು ಹೇಳುತ್ತದೆ, ಓಡಿಸುವವರಿಗೆ ಡ್ರೈವಿಂಗ್ ಬರುತ್ತದೆಯೇ ಎಂದು ಹೇಳುವುದಿಲ್ಲ. ಭಾರತದಲ್ಲಿ ರಾಜಾ ರಾಮ್‌ಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಅದನ್ನು ಉಚಿತವಾಗಿಯೇ ಕೊಡುತ್ತದೆ. ಲೇಖಕರೇ ಅರ್ಜಿ ಹಾಕಿ ಪಡೆಯಬಹುದು.

ಈಗ ಇನ್ನೊಂದು ತಲೆನೋವು ಸೇರಿಕೊಂಡಿದೆ. ಕಂಪ್ಯೂಟರೇ ಕಥೆ ಬರೆದು, ಚಿತ್ರ ಬಿಡಿಸಿಕೊಡುವ ಎಐ ತಂತ್ರಜ್ಞಾನ. ಇಂಥ ಪುಸ್ತಕಗಳ ಪ್ರವಾಹ ಕಂಡು ಅಮೆಜಾನ್ 2023ರ ಸೆಪ್ಟೆಂಬರ್‌ನಲ್ಲಿ ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಹಾಕುವಂತಿಲ್ಲ ಎಂಬ ಮಿತಿ ತಂದಿತು. ದಿನಕ್ಕೆ ಮೂರು ಎಂದರೇ ಎಷ್ಟಾಯಿತು, ಯೋಚಿಸಿ! ಚಿತ್ರಗಳನ್ನು ಗಮನಿಸಿ ನೋಡಿ. ಕೈಗೆ ಆರು ಬೆರಳು, ಪುಟದಿಂದ ಪುಟಕ್ಕೆ ಬದಲಾಗುವ ಹುಡುಗಿಯ ಮುಖ, ಚಿತ್ರದೊಳಗೆ ಓದಲಾಗದ ಅಕ್ಷರ ಕಂಡರೆ ಅನುಮಾನಿಸಿ. ಒಬ್ಬರೇ ಲೇಖಕರ ಹೆಸರಿನಲ್ಲಿ ಒಂದೇ ತಿಂಗಳಲ್ಲಿ ಹತ್ತಾರು ಪುಸ್ತಕ ಬಂದಿದ್ದರೂ ಹಾಗೆಯೇ.

ನಿಮ್ಮ ಮಗುವೇ ಬರೆದರೆ?

'ನಿಮ್ಮ ಮಗುವನ್ನು ಲೇಖಕನನ್ನಾಗಿಸಿ' ಎಂದು ದುಡ್ಡು ಕೇಳುವ ಪ್ಯಾಕೇಜುಗಳು ಈಗ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿವೆ. ಪಕ್ಕದ ಮನೆಯ ಹುಡುಗಿಯ ಪುಸ್ತಕ ಬಿಡುಗಡೆಯಾಯಿತು, ನಮ್ಮವಳದ್ದು ಯಾವಾಗ ಎಂಬ ಪೈಪೋಟಿಗೆ ಬೀಳಬೇಡಿ. ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಕಥೆಯನ್ನು ಓದಿ ತಿದ್ದುವವರು ಯಾರು? ನಾವೇ ಎಷ್ಟು ಪ್ರತಿ ಕೊಳ್ಳಬೇಕು? ಕಥೆಯ ಹಕ್ಕು ಯಾರ ಬಳಿ ಇರುತ್ತದೆ? ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ನೀವು ಕೊಳ್ಳುತ್ತಿರುವುದು ಮುದ್ರಣ ಮಾತ್ರ.

ಮಗು ಬರೆಯುತ್ತಿದೆ ಎಂದರೆ ಅದು ಸಂತೋಷದ ವಿಷಯವೇ. ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಪ್ರತಿ ಮಾಡಿಸಿ, ಸ್ಪೈರಲ್ ಬೈಂಡ್ ಹಾಕಿಸಿ ಅಜ್ಜಿ ತಾತನಿಗೆ, ಗೆಳೆಯರಿಗೆ ಹಂಚಿ. ಬರೀ 'ಚೆನ್ನಾಗಿದೆ ಪುಟ್ಟಾ' ಎಂದು ಸುಮ್ಮನಾಗಬೇಡಿ. 'ರಾಕ್ಷಸಿಗೆ ಯಾಕೆ ಕೋಪ ಬಂತು? ನಂಗೆ ಗೊತ್ತಾಗ್ಲಿಲ್ಲ' ಎಂದು ಕೇಳಿ. ಮಗು ಯೋಚಿಸುತ್ತದೆ, ಮತ್ತೆ ಬರೆಯುತ್ತದೆ. ಪಾವೊಲಿನಿಯ ಅಪ್ಪ ಅಮ್ಮ ಪ್ರಕಟಿಸುವ ಮೊದಲು ಕೂತು ತಿದ್ದಿದರು ಎಂಬುದನ್ನು ಮರೆಯಬೇಡಿ.

ದುಡ್ಡಿಲ್ಲದೆಯೂ ಓದಿಸಬಹುದು

ಪ್ರತಿ ಪುಸ್ತಕವನ್ನೂ ಕೊಂಡೇ ಓದಿಸಬೇಕಿಲ್ಲ. ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ವಾರಕ್ಕೊಮ್ಮೆ ಕರೆದೊಯ್ಯಿರಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳೂ ಉಚಿತವಾಗಿ ಸಿಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದಂಥ ಪ್ರಕಾಶನಗಳ ಮಕ್ಕಳ ಪುಸ್ತಕಗಳ ಬೆಲೆಯೂ ಕೈಗೆಟಕುವಂತಿರುತ್ತದೆ.

ಲೇಖಕರೇ ಪ್ರಕಟಿಸಿದ ಒಳ್ಳೆಯ ಪುಸ್ತಕ ಸಿಕ್ಕರೆ ಅದನ್ನೂ ಧಾರಾಳವಾಗಿ ಕೊಳ್ಳಿ, ನಾಲ್ಕು ಜನರಿಗೆ ಹೇಳಿ. ಅವರ ಪುಸ್ತಕಕ್ಕೆ ದೊಡ್ಡ ಜಾಹೀರಾತಿಲ್ಲ, ನಿಮ್ಮ ಬಾಯಿಮಾತೇ ಆಸರೆ. ಪುಸ್ತಕ ಕೆಟ್ಟದಾಗಿದ್ದರೆ ಮಗುವಿಗೆ ಧೈರ್ಯವಾಗಿ ಹೇಳಿ: 'ಪುಟ್ಟಾ, ತಪ್ಪು ನಿಂದಲ್ಲ, ಈ ಪುಸ್ತಕವೇ ಚೆನ್ನಾಗಿಲ್ಲ. ಬಾ, ಬೇರೆ ಓದೋಣ.' ಈ ಒಂದು ಮಾತು ಸಾಕು, ಮಗು ಮುಂದಿನ ಪುಸ್ತಕಕ್ಕೆ ಕೈ ಚಾಚುತ್ತದೆ.