ಕಿವಿಯಿಂದ ಗೋಡೆಯನ್ನು ಅರಿಯುವ ಬಗೆ

ಚೆನ್ನೈ ಮಹಾನಗರದ ಉತ್ತರದಲ್ಲಿರುವ ಕಾಸಿಮೇಡು ಬಂದರಿನಿಂದ ಕಡಲಿಗಿಳಿಯುವ ಯಾಂತ್ರಿಕ ದೋಣಿಗಳು ಎಕೋ ಸೌಂಡರ್ ಎಂಬ ಉಪಕರಣದಿಂದ ಆಳವನ್ನು ಅರಿಯುತ್ತವೆ. ಅದು ನೀರಿನೊಳಕ್ಕೆ ಶಬ್ದವನ್ನು ಕಳುಹಿಸಿ, ತಳಕ್ಕೆ ತಾಗಿ ಮರಳುವ ಕಾಲವನ್ನು ಅಳೆಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 30 ಮೀಟರ್ ಆಳಕ್ಕೆ ಹೋಗಿಬರಲು 0.04 ಸೆಕೆಂಡು ಸಾಕು. ಯಂತ್ರದ ನೆರವಿಲ್ಲದೆ, ನಾಲಿಗೆ ಮತ್ತು ಕಿವಿಗಳಿಂದಲೇ ಮನುಷ್ಯನೂ ಇಂಥದನ್ನು ಸಾಧಿಸಬಲ್ಲನು. ದೃಷ್ಟಿ ಮಂದವಾಗುತ್ತಿರುವ ಹಿರಿಯರು ನಮ್ಮ ಅನೇಕ ಮನೆಗಳಲ್ಲಿರುವುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ.

ಅಂಧರು ಎದುರಿನ ಗೋಡೆಯನ್ನು ಮುಖದ ಚರ್ಮದಿಂದ ಅರಿಯುತ್ತಾರೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಆ ಅರಿವು ಕಿವಿಯದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1944ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಅಂಧರು ಮತ್ತು 14 ದೃಷ್ಟಿವಂತರು 10 ವಾರ ತರಬೇತಿ ಪಡೆದರು. ಅವರ ವಯಸ್ಸು 21ರಿಂದ 79. ವಯಸ್ಸಾಗಲಿ ಅಂಧತ್ವವಾಗಲಿ ಕಲಿಕೆಗೆ ಅಡ್ಡಿಯಾಗಲಿಲ್ಲ. ನಾಣ್ಯದ ನಾದದಿಂದಲೇ ಖೋಟಾ ಹಿಡಿಯುತ್ತಿದ್ದ ಹಳೆಯ ಖಜಾಂಚಿಗಳ ಕಿವಿಯಂತೆ ಇದೂ ಅಭ್ಯಾಸದಿಂದ ಪಳಗುವ ಕಿವಿಯೇ ಹೊರತು ದೈವದತ್ತ ವರವಲ್ಲ.

ಆರಂಭಿಸುವವರು ಬಿಜಾಪುರದ ಗೋಳಗುಮ್ಮಟದ ಪ್ರತಿಧ್ವನಿಯನ್ನು ನಿರೀಕ್ಷಿಸಬಾರದು. ಒಂದು ಮೀಟರ್ ದೂರದ ಗೋಡೆಯಿಂದ ಶಬ್ದ 0.006 ಸೆಕೆಂಡಿನಲ್ಲಿ ಮರಳುವುದರಿಂದ ಅದು ಬೇರೆಯಾಗಿ ಕೇಳಿಸದು. ಮೂಲ ಶಬ್ದದ ಬಣ್ಣವೇ ತುಸು ಬದಲಾಗುತ್ತದೆ. ಗಮನಿಸಬೇಕಾದದ್ದು ಆ ಬದಲಾವಣೆಯನ್ನು. ಕಣ್ಣು ಮುಚ್ಚಿ ಕುಳಿತು "ಶ್" ಎಂದು ಎಡೆಬಿಡದೆ ಉಚ್ಚರಿಸುತ್ತಿರಬೇಕು. ಮನೆಯವರೊಬ್ಬರು ಊಟದ ತಟ್ಟೆಯನ್ನು ಮುಖದ ಹತ್ತಿರಕ್ಕೆ ತಂದು ದೂರ ಸರಿಸುತ್ತಿರಬೇಕು. ತಟ್ಟೆ ಸಮೀಪಿಸಿದಂತೆ ಧ್ವನಿ ಮೊನಚಾಗುತ್ತದೆ. ಇದು ಸ್ಪಷ್ಟವಾದ ಮೇಲೆ ನಾಲಿಗೆಯನ್ನು ಅಂಗಳಕ್ಕೆ ಒತ್ತಿ ಚಟ್ಟನೆ ಬಿಡುವ ಸದ್ದಿನಿಂದ ತೆರೆದ ಬಾಗಿಲು, ಮುಚ್ಚಿದ ಬಾಗಿಲು, ಪರದೆಯಿರುವ ಕೋಣೆ, ಬರಿಗೋಡೆಯ ಕೋಣೆ ಇವುಗಳ ಭೇದವನ್ನು ಆಲಿಸಬಹುದು. ಪರದೆ, ಹಾಸಿಗೆಗಳು ಶಬ್ದವನ್ನು ಹೀರಿಕೊಳ್ಳುತ್ತವೆ.

ಹೊರಗೆ ಅಭ್ಯಾಸಕ್ಕೆ ನಿಶ್ಶಬ್ದ ಬೇಕು. ಮುಂಜಾವಿನ ಹರಾಜಿನ ಗದ್ದಲದಲ್ಲಿ ಕಾಸಿಮೇಡಿನ ಧಕ್ಕೆ ಇದಕ್ಕೆ ತಕ್ಕ ಸ್ಥಳವಲ್ಲ. ಗದ್ದಲವಿಲ್ಲದ ಹೊತ್ತಿನಲ್ಲಿಯೂ ಅಲ್ಲಿ ಬೇರೊಂದು ಅಪಾಯವಿದೆ. ಎದುರಿಗಿರುವ ಗೋಡೆ ಶಬ್ದವನ್ನು ಹಿಂದಿರುಗಿಸುತ್ತದೆ. ಕಾಲ ಬುಡದ ಹಗ್ಗ, ಮೆಟ್ಟಿಲು, ನೀರಿನತ್ತ ಕಡಿದಾಗಿ ಇಳಿಯುವ ಧಕ್ಕೆಯ ಅಂಚು ಇವುಗಳ ಸುಳಿವನ್ನು ಕಿವಿ ನೆಚ್ಚುವಷ್ಟು ಕೊಡದು. ಅವನ್ನು ಬಿಳಿಯ ಕೋಲಿನಿಂದಲೇ ತಡವಿ ತಿಳಿಯಬೇಕು.